ಮೂಗಿನ ನಳಿಗೆ, ಮಾಸ್ಕು, ಗಂಟಲ ಕೊಳವೆ

ಆಸ್ಪತ್ರೆಯಿಂದ ಮನೆಗೆ ಬಂದು ಎಂಟು ತಿಂಗಳಾಗಿತ್ತು. ತಪಾಸಣೆಗೆಂದು ಕಲಬುರಗಿಗೆ ಹೋದಾಗ ಡಾಕ್ಟರಮ್ಮ ನನ್ನ ಎದೆಯ ಸ್ಕ್ಯಾನನ್ನು ಬಹಳ ಹೊತ್ತು ನೋಡಿದರು. ಶ್ವಾಸಕೋಶದ ಕೆಳಭಾಗದಲ್ಲಿ ಗಾಯ ಮಾಯ್ದಿದೆ, ಮಾಯ್ದ ಜಾಗ ಗಟ್ಟಿಯಾಗಿದೆ, ಇನ್ನೊಮ್ಮೆ ಅಂಥದೇ ನ್ಯುಮೋನಿಯಾ ಬಂದರೆ ಉಸಿರು ಮತ್ತೆ ಕೈಕೊಡಬಹುದು ಎಂದರು. ಆಮೇಲೆ ಮೇಜಿನಿಂದ ಒಂದು ಬಿಳಿ ಹಾಳೆ ಎಳೆದು ನನ್ನ ಮುಂದಿಟ್ಟರು.

"ಬಂದೇ ಬರ್ತದ ಅಂತಲ್ಲ. ಬಂದರ ಅಂತ. ಮಾಸ್ಕ್ ತನಕ ಸಾಕೋ, ಗಂಟಲಿಗೆ ಟ್ಯೂಬ್ ಹಾಕಬೇಕೋ, ಹಾಕಿದರ ಯಾವಾಗಿನ ತನಕ ನೋಡಬೇಕೋ, ನೀವಿಬ್ಬರೂ ಈಗ ಆರಾಮ ಇದ್ದಾಗ ಮಾತಾಡ್ರಿ. ಬರಕೊಂಡು ಬರ್ರಿ, ಫೈಲಿಗೆ ಹಾಕ್ತೀನಿ."

ನನ್ನ ಹೆಂಡತಿ ಶರಣಮ್ಮ ಹಾಳೆಯನ್ನು ನೋಡಲಿಲ್ಲ. ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರ ನೋಡುತ್ತ ಕುಳಿತಿದ್ದಳು. ನಾನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡೆ. ಸೇಡಂ ಬಸ್ಸಿನಲ್ಲಿ ಇಬ್ಬರೂ ಅದರ ಮಾತೆತ್ತಲಿಲ್ಲ. ಮಳಖೇಡ ದಾಟುವಾಗ ಅವಳು, "ಮನ್ಯಾಗ ಮೊಸರದ ಏನ್?" ಎಂದಳು. ಇಲ್ಲ ಎಂದೆ. ಅಷ್ಟೇ.

ನಾನು ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದವನು. ಗಂಟೆಗೊಮ್ಮೆ ಮಾದರಿ ತರಿಸಿ ಪರೀಕ್ಷಿಸಿ, ಕಂಡದ್ದನ್ನು ಕಂಡ ಹೊತ್ತಿಗೇ ಬರೆಯುವುದು ನನ್ನ ಕೆಲಸ. ಪಾಳಿ ಮುಗಿದ ಮೇಲೆ ನೆನಪಿನಿಂದ ತುಂಬಿದ ಅಂಕಿಗೆ ನಮ್ಮ ಲ್ಯಾಬಿನಲ್ಲಿ 'ಅಡಿಗಿ ಮಾಡಿದ್ದು' ಅನ್ನುತ್ತೇವೆ. ಇಪ್ಪತ್ತು ವರ್ಷ ಇನ್ನೊಬ್ಬರ ಅಡಿಗೆಯನ್ನು ಹಿಡಿದುಕೊಟ್ಟವನಿಗೆ ಈಗ ತನ್ನದೇ ಕಾಯಿಲೆಯ ಬಗ್ಗೆ ನೆನಪಿನಿಂದ ಬರೆಯಬೇಕಾಗಿ ಬಂದಿದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಐ.ಸಿ.ಯು. ಹೊರಗಿನ ಚಾಪೆಯ ಮೇಲೆ ಕುಳಿತಿದ್ದರೆ, ನಾನು ಹೇಳುವುದನ್ನೆಲ್ಲ ಅರ್ಧ ನಂಬಿ. ನಾನೂ ಅಷ್ಟೇ ನಂಬುತ್ತೇನೆ.

ಹಾಳೆ ಎರಡು ವಾರ ಜೇಬಿನಲ್ಲಿತ್ತು. ಒಂದು ಭಾನುವಾರ ಬೆಳಿಗ್ಗೆ ತೆಗೆದು ಗೆರೆ ಎಳೆದು ಮೂರು ಮನೆ ಹಾಕಿದೆ. ಮೂಗಿನ ನಳಿಗೆ, ಮಾಸ್ಕು, ಗಂಟಲ ಕೊಳವೆ. ಮೂರನ್ನೂ ಅನುಭವಿಸಿದವನು ನಾನು, ಹೋಲಿಸಬಲ್ಲೆ ಅನ್ನುವುದು ನನ್ನ ಲೆಕ್ಕ.

ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಜ್ವರ ಬಂದಿತ್ತು. ನಾಲ್ಕು ದಿನ ಗುಳಿಗೆ ನುಂಗಿ ಕೆಲಸಕ್ಕೆ ಹೋದೆ. ಐದನೆಯ ದಿನ ಲ್ಯಾಬಿನ ಮೆಟ್ಟಿಲಲ್ಲಿ ಕುಳಿತವನು ಏಳಲಾಗಲಿಲ್ಲ. ಸೇಡಂ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಕೂಡಲೇ ಆಂಬ್ಯುಲೆನ್ಸ್ ಕರೆಸಿದರು. ಕಲಬುರಗಿಗೆ ಹೋಗುವಾಗ ಕಿಟಕಿಯಲ್ಲಿ ಕಾಗಿಣಾ ನದಿ ಕಂಡದ್ದು, ನೀರು ಕೆಂಪಗೆ ತುಂಬಿ ಹರಿಯುತ್ತಿದ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ಆಂಬ್ಯುಲೆನ್ಸಿನ ಗಾಜುಗಳಿಗೆ ಪೂರ್ತಿ ಬಿಳಿ ಬಣ್ಣ ಬಳಿದಿತ್ತು ಎಂದು ಶರಣಮ್ಮ ಹೇಳುತ್ತಾಳೆ. ನಾನು ನದಿಯನ್ನು ನೋಡಿರಲು ಸಾಧ್ಯವೇ ಇಲ್ಲವಂತೆ.

ಮೊದಲು ಹಾಕಿದ್ದು ಮೂಗಿನ ನಳಿಗೆ. ದಪ್ಪ ನಳಿಗೆ, ಅದರಿಂದ ಬೆಚ್ಚಗಿನ ತೇವದ ಗಾಳಿ ಜೋರಾಗಿ ಬರುತ್ತದೆ. ಅನ್ನ ಬೇಯುವ ಪಾತ್ರೆಯ ಮೇಲೆ ಮುಖವಿಟ್ಟ ಹಾಗೆ. ಅದರಲ್ಲಿ ಮಾತಾಡಬಹುದು, ಗಂಜಿ ಕುಡಿಯಬಹುದು. ಒಂದೂವರೆ ದಿನ ಅದರಲ್ಲಿದ್ದೆ. ಆ ಮನೆಯಲ್ಲಿ 'ಸಹಿಸಬಹುದು' ಎಂದು ಬರೆದೆ.

ಅದು ಸಾಲದೆ ಮಾಸ್ಕು ಬಂತು. ಮೂಗು ಬಾಯಿ ಎರಡನ್ನೂ ಮುಚ್ಚಿ, ತಲೆಯ ಹಿಂದೆ ಪಟ್ಟಿ ಬಿಗಿದು, ಯಂತ್ರ ಗಾಳಿಯನ್ನು ಒಳಗೆ ನುಗ್ಗಿಸುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ಬಾಯಿ ತೆರೆದು ತಲೆ ಹೊರಗೆ ಹಾಕಿದರೆ ಹೇಗಿರುತ್ತದೋ ಹಾಗೆ, ತಲೆ ಒಳಗೆಳೆದುಕೊಳ್ಳುವ ಅನುಕೂಲವಿಲ್ಲ. ನಾನು ಉಸಿರು ಬಿಡಬೇಕೆಂದಾಗ ಅದು ಕೊಡುತ್ತಿತ್ತು, ಎಳೆಯಬೇಕೆಂದಾಗ ಸುಮ್ಮನಿರುತ್ತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ನೀರು ಎಂದು ಸನ್ನೆ ಮಾಡಿದರೆ ನರ್ಸ್ ಹುಡುಗಿ ಒಂದು ಗಳಿಗೆ ಮಾಸ್ಕು ಎತ್ತಿ, ಒದ್ದೆ ಹತ್ತಿಯಿಂದ ತುಟಿ ಒರೆಸಿ ಮತ್ತೆ ಬಿಗಿಯುತ್ತಿದ್ದಳು. ಆ ಹತ್ತಿಗಾಗಿ ಕಾಯುವುದೇ ನನ್ನ ದಿನಚರಿ. ಮೂಗಿನ ಮೇಲೆ ಪಟ್ಟಿ ಕೊರೆದ ಗುರುತು ಇನ್ನೂ ಇದೆ. ಎಷ್ಟು ದಿನ ಎಂದರೆ ಹದಿನೈದು ಎನ್ನುತ್ತೇನೆ. 'ನರಕ' ಎಂದು ಬರೆದೆ.

ಗಂಟಲ ಕೊಳವೆಯ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚಿಲ್ಲ. ಚಿಕ್ಕಂದಿನಲ್ಲಿ ನಾವು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಮದ್ದಿನ ಮಂಪರಿನಲ್ಲಿ ಮತ್ತೆ ಅಲ್ಲೇ ಇದ್ದೇನೆ, ನಿಂತ ಗೂಡ್ಸ್ ಗಾಡಿ ಹಗುರಾಗಿ ಗಾಳಿ ಬಿಡುವ ಸದ್ದು ಕೇಳುತ್ತ ಹಾಸಿಗೆಯಲ್ಲಿ ಬಿದ್ದಿದ್ದೇನೆ, ಯಾರೂ ಏಳು ಅನ್ನುತ್ತಿಲ್ಲ. ಇಷ್ಟೇ ನೆನಪು. ಎರಡು ದಿನವಿರಬಹುದು. 'ಕಷ್ಟವಿಲ್ಲ' ಎಂದು ಬರೆದೆ.

ಹಾಗಾದರೆ ತೀರ್ಮಾನ ಸುಲಭ. ಮಾಸ್ಕು ಬೇಡ, ನೇರ ಕೊಳವೆ.

ಶರಣಮ್ಮ ಹಾಳೆ ಓದಿದಳು. ಕೊನೆಯ ಮನೆಯ ಮೇಲೆ ಬೆರಳಿಟ್ಟಳು.

"ಕಷ್ಟ ಇಲ್ಲ ಅಂತ ಬರ್ದೀರಿ. ಯಾರಿಗಿ ಕಷ್ಟ ಇಲ್ಲ?"

"ನನಗ."

"ನಿಮಗ ಹ್ಯಾಂಗ ಗೊತ್ತ? ನೀವಲ್ಲಿ ಇದ್ರೇನ್?"

ಅವಳ ಪ್ರಕಾರ ಮಾಸ್ಕಿನಲ್ಲಿದ್ದದ್ದು ಮೂರೇ ದಿನ. ಆ ಮೂರು ದಿನವೂ ನಾನು ನಾನಾಗಿಯೇ ಇದ್ದೆನಂತೆ. ಸನ್ನೆಯಲ್ಲಿ ಜಗಳ ಮಾಡಿದೆ, ಅವಳ ಅಣ್ಣ ಹಚ್ಚಿಕೊಂಡು ಬಂದಿದ್ದ ಅತ್ತರಿಗೆ ಮುಖ ಸಿಂಡರಿಸಿದೆ, ಅವಳ ಕೈಯನ್ನು ಹಿಡಿದರೆ ಬಿಡಲಿಲ್ಲ. ಕೊಳವೆಯಲ್ಲಿದ್ದದ್ದು ಒಂಬತ್ತು ದಿನ. ನನ್ನನ್ನು ಬೋರಲು ಮಲಗಿಸಿದ್ದರು. ಮುಖ ಊದಿ ಬೇರೆಯವರ ಮುಖವಾಗಿತ್ತು. ಒಂದು ಸಂಜೆ ಅವಳು ಬೇರೆ ಹಾಸಿಗೆಯ ಮುಂದೆ ಎರಡು ನಿಮಿಷ ನಿಂತು ಅತ್ತು, ಆಮೇಲೆ ನಂಬರ್ ನೋಡಿದಳಂತೆ. ಮಂಪರಿನ ಮದ್ದು ಕಡಿಮೆ ಮಾಡಿದಾಗ ನಾನು ಕೊಳವೆ ಕಿತ್ತುಕೊಳ್ಳಬಾರದೆಂದು ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತಂತೆ.

"ಅದು ಸುಮ್ಕ ಬರೋ ನೀರು, ಮದ್ದಿಂದು, ಅಂತ ನರ್ಸ್ ಅಂದ್ಳು. ಇರಬಹುದು. ನನಗ ಏನ್ ಗೊತ್ತ."

ನನಗೆ ಸಿಟ್ಟು ಬಂತು. ನನ್ನ ಗಂಟಲು, ನನ್ನ ಕೈ, ನನಗೇ ತಿಳಿಯದ ನೋವು. "ಹಂಗಂತ ಏನ್ ಸಾಕ್ಷಿ?" ಎಂದೆ. ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಕೆಟ್ಟದಾಗಿ ಕೇಳಿಸಿತು.

ಅವಳು ಒಳಗೆ ಹೋಗಿ ನೀಲಿ ರಟ್ಟಿನ ರಿಜಿಸ್ಟರ್ ತಂದಳು. ಶರಣಮ್ಮ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ, ಎತ್ತರ, ಬಂದವರು ಬಾರದವರು, ಎಲ್ಲಕ್ಕೂ ಅವಳಲ್ಲಿ ರಿಜಿಸ್ಟರ್ ಇದೆ. ಇದರಲ್ಲಿ ನನ್ನ ದಿನಗಳಿದ್ದವು. ತಾರೀಖು, ಬೆಳಿಗ್ಗೆ, ಸಂಜೆ, ಯಾವ ಯಂತ್ರ, ರಕ್ತದಲ್ಲಿ ಆಕ್ಸಿಜನ್ ಎಷ್ಟು, ಕೈ ಕಟ್ಟಿದ್ದಾರೋ ಬಿಚ್ಚಿದ್ದಾರೋ.

ಆ ದಿನ ನನಗೆ ಆದ ಸಮಾಧಾನ ಹೇಳಲಾರೆ. ಕೊನೆಗೂ ಕಂಡದ್ದನ್ನು ಕಂಡ ಹೊತ್ತಿಗೆ ಬರೆದವರೊಬ್ಬರು ಮನೆಯಲ್ಲೇ ಇದ್ದರು. ನನ್ನ ಹಾಳೆಯಲ್ಲಿ ಹದಿನೈದನ್ನು ಹೊಡೆದು ಮೂರು ಎಂದು ಬರೆದೆ, ಎರಡನ್ನು ಹೊಡೆದು ಒಂಬತ್ತು ಎಂದು ಬರೆದೆ.

ಆದರೆ ಇಪ್ಪತ್ತು ವರ್ಷದ ಕಣ್ಣು ಸುಮ್ಮನಿರುವುದಿಲ್ಲ. ಎರಡು ದಿನ ಬಿಟ್ಟು ರಿಜಿಸ್ಟರನ್ನು ಮತ್ತೆ ತೆರೆದೆ. ಹದಿನಾಲ್ಕು ದಿನವೂ ಒಂದೇ ಪೆನ್ನು. ಅಕ್ಷರ ಎಲ್ಲೂ ನಡುಗಿಲ್ಲ, ಒಂದು ಕಡೆಯೂ ಚಹಾದ ಕಲೆಯಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಮೊಣಕಾಲ ಮೇಲಿಟ್ಟು ಬರೆದ ಪುಸ್ತಕ ಹೀಗಿರುವುದಿಲ್ಲ. ತೊಂಬತ್ತೆರಡು, ತೊಂಬತ್ನಾಲ್ಕು, ತೊಂಬತ್ತಾರು, ಹೀಗೆ ಸಮಾಧಾನದ ಅಂಕಿಗಳು. ಅಂಗನವಾಡಿಗೆ ಸೂಪರ್‌ವೈಸರ್ ಬರುತ್ತಾರೆಂದು ಅವಳು ಹಿಂದಿನ ದಿನ ಕುಳಿತು ತಿಂಗಳಿನದನ್ನೆಲ್ಲ ತುಂಬುವುದನ್ನು ನಾನೇ ಮನೆಯಲ್ಲಿ ನೋಡಿದ್ದೇನೆ, ಚುಡಾಯಿಸಿದ್ದೇನೆ.

ಆಸ್ಪತ್ರೆಯ ಫೈಲಿನ ನಕಲು ಕಪಾಟಿನಲ್ಲಿತ್ತು. ತೆಗೆದು ತಾಳೆ ನೋಡಿದೆ. ಕೊಳವೆ ಹಾಕಿದ ಆರನೆಯ ದಿನ ರಿಜಿಸ್ಟರಿನಲ್ಲಿ ತೊಂಬತ್ತಾರು ಇತ್ತು. ಫೈಲಿನಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ದಿನ. ಆ ದಿನದ ಕಾಗದಗಳ ನಡುವೆ ಒಂದು ಛಾಪಿಸಿದ ಫಾರ್ಮ್ ಸಿಕ್ಕಿತು. ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ, ಮುಂದಿನದಕ್ಕೆ ನಾವೇ ಹೊಣೆ. ಕೆಳಗೆ ಸಹಿಯ ಜಾಗದಲ್ಲಿ 'ಶರಣ' ಎಂದಿತ್ತು. ಅಲ್ಲಿಗೆ ಪೆನ್ನು ನಿಂತಿತ್ತು. ಮೇಲೆ ಯಾರೋ ಅಡ್ಡಗೆರೆ ಎಳೆದು ರದ್ದು ಎಂದು ಬರೆದಿದ್ದರು.

ಅವಳು ಅಂಗಳದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಫಾರ್ಮನ್ನು ಮೊರದ ಪಕ್ಕ ಇಟ್ಟೆ. ಅವಳು ಅದನ್ನು ನೋಡಿ ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ.

"ಸಿಕ್ತೇನ್?" ಎಂದಳು.

ಆಮೇಲೆ ಹೇಳಿದಳು. ನಿಂತು ನಿಂತು, ಬೇಳೆಯ ಜೊತೆ ಮಾತಾಡುವ ಹಾಗೆ.

ಐ.ಸಿ.ಯು. ಹೊರಗಿನ ವರಾಂಡದಲ್ಲಿ ಎಲ್ಲರೂ ಹಾಸಿಗೆಯ ನಂಬರು ಮತ್ತು ಊರಿನಿಂದ ಗುರುತು. ಮೂರು ನಂಬರ್ ಶಹಾಬಾದ್, ಐದು ನಂಬರ್ ಚಿತ್ತಾಪುರ. ಇವಳು ಏಳು ನಂಬರ್ ಸೇಡಂ. ಪಕ್ಕದ ಚಾಪೆ ಎಂಟು ನಂಬರ್ ಚಿಂಚೋಳಿ, ಖಾಜಾಬಿ ಎಂಬ ಅರವತ್ತರ ಹೆಂಗಸು. ಅವರ ಗಂಡ ದರ್ಜಿ, ಅವರಿಗೂ ಶ್ವಾಸಕೋಶದ ಕಾಯಿಲೆ. ಕೊಳವೆ ಬೇಡವೆಂದು ಅವರೇ ಖಡಾಖಂಡಿತ ಹೇಳಿದ್ದರಿಂದ ಮಾಸ್ಕಿನಲ್ಲೇ ಇಟ್ಟಿದ್ದರು. ಬಾಗಿಲು ತೆರೆದು ಕಾವಲಿನವನು ನಂಬರ್ ಕೂಗಿದರೆ ವರಾಂಡದಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬರ್ ಅಲ್ಲದಿದ್ದರೂ. ಐದನೆಯ ದಿನ ಮೂರು ನಂಬರ್ ಕೂಗಿದ. ಶಹಾಬಾದಿನವರು ಚಾಪೆ ಸುತ್ತಿಕೊಂಡು ಹೋದರು. ಆ ಚಾಪೆಯ ಜಾಗದಲ್ಲಿ ಮಧ್ಯಾಹ್ನದ ತನಕ ಯಾರೂ ಕುಳಿತುಕೊಳ್ಳಲಿಲ್ಲ.

ಆರನೆಯ ದಿನ ಬೆಳಿಗ್ಗೆ ಡಾಕ್ಟರು ಕರೆದು, ಯಂತ್ರ ಕೊಡಬಹುದಾದಷ್ಟನ್ನು ಕೊಡುತ್ತಿದೆ, ಮೈ ತೆಗೆದುಕೊಳ್ಳುತ್ತಿಲ್ಲ ಎಂದರು. ಅವಳ ಅಣ್ಣ ಹೊರಗೆ ಬಂದು, "ತಂಗಿ, ಕೈ ಕಟ್ಟಿಸಿಕೊಂಡು ಹೋಗೋದ್ಕಿಂತ ಮನ್ಯಾಗ ಹೋಗ್ಲಿ" ಅಂದ. ಅವಳು ಒಳಗೆ ಹೋಗಿ ನನ್ನ ಕೈ ನೋಡಿ ಬಂದಳು. ಫಾರ್ಮ್ ಕೇಳಿದಳು. ಆಂಬ್ಯುಲೆನ್ಸಿಗೆ ಅಣ್ಣ ಫೋನ್ ಮಾಡಿದ.

"ನಾನೇ ಕೇಳಿದ್ದೆ," ಎಂದಳು. "ಅಣ್ಣಂದು ತಪ್ಪಿಲ್ಲ. ನಾನೇ."

ಅವಳು ಚಾಪೆಯ ಮೇಲೆ ಕುಳಿತು ಸಹಿ ಮಾಡುವಾಗ ಖಾಜಾಬಿ ಕೇಳಿದರಂತೆ, "ತಂಗಿ, ಇವತ್ತು ನಿಮ್ಮ ಅಮಾಸಿ ಅಲ್ಲೇನ? ನಿಮ್ಮ ಮಂದಿ ಅಮಾಸಿ ದಿನ ಬಿಮಾರಿ ಮನುಷ್ಯಾನ್ನ ಮನಿಗಿ ಒಯ್ತಾರೇನ್?"

ಪೆನ್ನು ನಿಂತಿತು. ನಾಳೆ ಒಯ್ಯುತ್ತೇವೆ ಎಂದು ಫಾರ್ಮ್ ವಾಪಸು ಕೊಟ್ಟಳು. ಖಾಜಾಬಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು, ಉಂಡಳು. ಮರುದಿನ ಬೆಳಿಗ್ಗೆ ಡಾಕ್ಟರು, ಸ್ವಲ್ಪ, ತೀರ ಸ್ವಲ್ಪ, ಇನ್ನೊಂದು ದಿನ ನೋಡೋಣ ಎಂದರು. ಒಂಬತ್ತನೆಯ ದಿನ ಕೊಳವೆ ತೆಗೆದರು.

ಅಮಾವಾಸ್ಯೆಯ ದಿನವೇ ಹಟಕ್ಕೆ ಗಾಡಿ ಖರೀದಿಸಿದವನು ನಾನು. ಇವಳು ಲಿಂಬೆಹಣ್ಣು ನಿವಾಳಿಸಲು ಬಂದಾಗ ನೆರೆಯವರೆದುರು ನಕ್ಕವನು.

"ಅದಕ್ಕೇ ಹೇಳ್ಲಿಲ್ಲ," ಎಂದಳು. "ಒಂದು, ನಾ ನಿಮ್ಮನ್ನ ಒಯ್ಲಿಕ್ಕ ಹೊಂಟಿದ್ದೆ. ಎರಡು, ಅಮಾಸಿ ಅಂತ ಬಿಟ್ಟೆ. ಯಾವ್ದು ಹೇಳಿದ್ರೂ ನಿಮ್ಮ ಕೂಡ ಬಾಳೇ ಮಾಡ್ಲಿಕ್ಕ ಆಗಲ್ಲ."

ರಿಜಿಸ್ಟರನ್ನು ಅವಳು ಮನೆಗೆ ಬಂದ ಮೇಲೆ, ನಾನು ನಡೆಯಲು ಕಲಿಯುತ್ತಿದ್ದ ದಿನಗಳಲ್ಲಿ ತುಂಬಿದ್ದಳು. ಎಂದಾದರೂ ಕೇಳುತ್ತೀರಿ, ಕೇಳಿದಾಗ ಏನಾದರೂ ಕೊಡಬೇಕಲ್ಲ ಎಂದು.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸುವುದು ನನ್ನಿಂದಾಗಲಿಲ್ಲ. ಹಳೆಯ ವರ್ಷದ ಕ್ಯಾಲೆಂಡರ್ ಹೊಸದರ ಹಿಂದೆ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಫಾರ್ಮಿನ ಮೇಲೆ ಆಸ್ಪತ್ರೆಯ ತಾರೀಖಿನ ಮುದ್ರೆ ಇತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅಮಾವಾಸ್ಯೆ ಅದಕ್ಕೂ ಐದು ದಿನ ಮುಂಚೆ ಆಗಿಹೋಗಿತ್ತು.

ಅವಳ ಫೋನಿನಲ್ಲಿ 'ಚಿಂಚೋಳಿ ಆಪಾ', ಚಿಂಚೋಳಿ ಅಕ್ಕ, ಎಂದು ಖಾಜಾಬಿಯವರ ನಂಬರ್ ಇತ್ತು. ಅವಳು ಅಂಗನವಾಡಿಗೆ ಹೋದಾಗ ನನ್ನ ಫೋನಿನಿಂದ ಮಾಡಿದೆ. ಏಳು ನಂಬರ್ ಸೇಡಂ ಎಂದ ಕೂಡಲೇ ಗುರುತು ಹಿಡಿದರು.

"ಯಾ ಅಲ್ಲಾ! ನೀವೇ ಮಾತಾಡ್ಲಿಕತ್ತೀರೇನ್? ನಿಮ್ಮ ಆವಾಜ್ ನಾ ಕೇಳಿದ್ದೇ ಇಲ್ಲ ನೋಡ್ರಿ. ತಬಿಯತ್ತ ಹ್ಯಾಂಗದ?"

ಚೆನ್ನಾಗಿದ್ದೇನೆ ಎಂದೆ. ನಿಮ್ಮವರು ಹೇಗಿದ್ದಾರೆ ಎಂದು ಕೇಳಿದೆ.

"ಅವರು ಹೋದ್ರು. ಮಾಸ್ಕಿನ ಮ್ಯಾಲಿಂದ ಇಳದು ಮನಿಗಿ ಬಂದ್ರು. ನಾಕು ತಿಂಗಳು ಬಿಸಿ ರೊಟ್ಟಿ ಉಂಡ್ರು, ನನ್ನ ಬೈದ್ರು, ಮೊಮ್ಮಗಳಿಗಿ ಎರಡು ಲಂಗ ಹೊಲದ್ರು. ಆಮ್ಯಾಲ ಹೋದ್ರು."

ನನ್ನ ತಲೆ ಆಗಲೂ ತನ್ನ ಕೆಲಸ ಮಾಡುತ್ತಿತ್ತು, ನಾಚಿಕೆಯಾಗುತ್ತದೆ. ಒಬ್ಬ ಮಾಸ್ಕಿನವನು, ಒಬ್ಬ ಕೊಳವೆಯವನು. ಎರಡು ಮಾದರಿ. ಎರಡು ಮಾದರಿಯಿಂದ ಏನನ್ನೂ ಹೇಳಲಾಗುವುದಿಲ್ಲ.

ಕೊನೆಗೆ ಅಮಾವಾಸ್ಯೆಯ ವಿಷಯ ಕೇಳಿದೆ. ಅವತ್ತು ಅಮಾವಾಸ್ಯೆ ಇರಲಿಲ್ಲವಲ್ಲ ಎಂದೆ.

ಅವರು ನಕ್ಕರು. "ನಿಮ್ಮ ಅಮಾಸಿ ನನಗೇನ್ ಗೊತ್ತರಿ ಸಾಹೇಬ್ರ? ನಾ ಚಾಂದ್ ನೋಡೋದು ಈದಿಗಷ್ಟೇ. ಆ ಹುಡುಗಿ ಎರಡು ದಿನದಿಂದ ಉಂಡಿದ್ದಿಲ್ಲ. ಹೊಟ್ಯಾಗ ಏನೂ ಇಲ್ದವರು ಅಂಥಾ ಕಾಗದಕ್ಕ ಸಹಿ ಮಾಡಬಾರದು ಅನಿಸ್ತು. ಉಂಡ ಮ್ಯಾಲ ಮಾಡ್ಲಿ. ನಾ ಏನ್ ಅಂದ್ರ ನಿಲ್ಲಸ್ತಾಳ ಅಂತ ಹುಡುಕ್ದೆ, ಅಮಾಸಿ ಸಿಕ್ತು."

"ಉಂಡ ಮೇಲೂ ಸಹಿ ಮಾಡಿದ್ದರೆ?"

"ಮಾಡ್ತಿದ್ಳು. ನಾ ಏನ್ ಡಾಕ್ಟರೇನ್?"

ಫೋನ್ ಇಟ್ಟು ಕ್ಯಾಲೆಂಡರಿನ ಮುಂದೆ ಕುಳಿತೆ. ಈಚೆಗೆ ಕುಳಿತರೆ ಏಳುವುದಕ್ಕೆ ಒಂದು ಕಾರಣ ಬೇಕಾಗುತ್ತದೆ. ನನ್ನ ನೆನಪು ಸುಳ್ಳು, ಇವಳ ರಿಜಿಸ್ಟರ್ ಸುಳ್ಳು, ಅಮಾವಾಸ್ಯೆ ಸುಳ್ಳು. ಇವುಗಳ ನಡುವೆ ಎಲ್ಲೋ ನನ್ನ ಶ್ವಾಸಕೋಶ ತನ್ನ ಪಾಡಿಗೆ ಒಂದು ದಿನ ತೆಗೆದುಕೊಂಡಿತ್ತು. ಅಮಾವಾಸ್ಯೆ ಅದನ್ನು ವಾಸಿಮಾಡಲಿಲ್ಲ, ಅಷ್ಟನ್ನು ನಾನು ಇಂದಿಗೂ ಹೇಳುತ್ತೇನೆ. ಆದರೆ ಅದಕ್ಕೆ ಬೇಕಾಗಿದ್ದ ದಿನವನ್ನು ಓದು ಬರಹ ಬಲ್ಲ ಯಾವ ಮನುಷ್ಯನೂ ಕೊಟ್ಟಿರಲಿಲ್ಲ.

ಮಧ್ಯಾಹ್ನ ಶರಣಮ್ಮ ಬಂದಾಗ ಹೇಳುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಎರಡೂ ಕ್ಯಾಲೆಂಡರು ಮೊಳೆಯಿಂದಿಳಿದು ಮೇಜಿನ ಮೇಲಿದ್ದವು. ಅವಳಿಗೆ ಹೇಳಬೇಕಾಗಿಯೇ ಬರಲಿಲ್ಲ.

"ಅವತ್ತು ಅಮಾಸಿ ಇದ್ದಿದ್ದಿಲ್ಲ," ಎಂದಳು, ಚಪ್ಪಲಿ ಬಿಡುತ್ತ. "ನನಗ ಗೊತ್ತಿತ್ತು."

"ಅವತ್ತೇ ಗೊತ್ತಿತ್ತಾ?"

"ದಿನಾ ಬೆಳಿಗ್ಗಿ ಅಂಗನವಾಡಿ ಬೋರ್ಡಿನ ಮ್ಯಾಲ ತಾರೀಖ ತಿಥಿ ಬರಿಯೋ ಕೆಲಸ ನಂದು. ನನಗ ಗೊತ್ತಿರಲ್ಲೇನ್? ಸಹಿ ಮಾಡಬ್ಯಾಡ ಅಂತ ಯಾರರೇ ಒಬ್ಬರು ಅಂದ್ರ ಸಾಕಾಗಿತ್ತು. ಆಪಾ ಅಂದ್ರು. ಹೌದ್ ಅಂದೆ."

ಇದು ಅವಳ ಅಂದಿನ ನೆನಪೋ, ಈ ಎಂಟು ತಿಂಗಳಲ್ಲಿ ಅವಳೇ ಮಾಡಿಕೊಂಡದ್ದೋ ನನಗೆ ತಿಳಿಯದು. ಕೇಳಲಿಲ್ಲ. ಕೇಳದೆ ಇದ್ದದ್ದು ನನ್ನ ಮಟ್ಟಿಗೆ ದೊಡ್ಡ ಕೆಲಸ.

ಊಟವಾದ ಮೇಲೆ ಡಾಕ್ಟರಮ್ಮನ ಹಾಳೆಯನ್ನು ತಿರುಗಿಸಿದೆ. ಮೂರು ಮನೆಗಳಿದ್ದ ಬದಿಯನ್ನು ಕೆಳಗೆ ಮಾಡಿ ಖಾಲಿ ಬದಿಯಲ್ಲಿ ಬರೆದೆ, ಗಟ್ಟಿಯಾಗಿ ಓದುತ್ತ. ಮೊದಲು ಮಾಸ್ಕು ಹಾಕಿರಿ. ತೆಗೆಯಿರಿ ಎಂದು ಎಷ್ಟು ಸನ್ನೆ ಮಾಡಿದರೂ ತುಟಿಗೆ ಒದ್ದೆ ಹತ್ತಿ ಕೊಟ್ಟು ಸಮಾಧಾನ ಮಾಡಿರಿ. ಸಾಲದಿದ್ದರೆ ಗಂಟಲಿಗೆ ಕೊಳವೆ ಹಾಕಬಹುದು. ಹೆಂಡತಿ ಪಕ್ಕದಲ್ಲಿದ್ದಾಗ ಒಂದು ಕೈಯಾದರೂ ಬಿಚ್ಚಿರಿ, ಅವಳು ಹಿಡಿದುಕೊಳ್ಳುತ್ತಾಳೆ. ತೆಗೆದು ಮನೆಗೆ ಒಯ್ಯುವ ಮಾತು ಬಂದರೆ ಶರಣಮ್ಮ ಹೇಳಿದ್ದೇ ಕೊನೆ. ಆದರೆ ಅವಳು ಊಟ ಮಾಡಿದ ಮೇಲೆ ಕೇಳಬೇಕು. ಕೇಳಿ, ಒಂದು ದಿನ ಬಿಟ್ಟು, ಇನ್ನೊಮ್ಮೆ ಕೇಳಬೇಕು.

"ಎರಡನೇ ದಿನನೂ ಒಯ್ತೀನಿ ಅಂದ್ರ?"

"ಒಯ್ಯಿ. ನಾ ಏನೂ ಅನ್ನಲ್ಲ."

"ಹ್ಯಾಂಗ ಅಂತೀರಿ? ಬಾಯಾಗ ಪೈಪ್ ಇರ್ತದ."

ಇಬ್ಬರೂ ನಕ್ಕೆವು. ನಕ್ಕು ನನಗೆ ಕೆಮ್ಮು ಬಂತು, ಅವಳು ಎದ್ದು ನಿಂತಳು, ಕೆಮ್ಮು ನಿಂತ ಮೇಲೆ ಕುಳಿತಳು. ನಾನು ಸಹಿ ಮಾಡಿ ಪೆನ್ನು ಕೊಟ್ಟೆ. ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲಿನಿಂದ ಓದಿದಳು. ಆಮೇಲೆ ನಿಧಾನವಾಗಿ, ಕೊನೆಯ ಅಕ್ಷರದ ತನಕ ತನ್ನ ಹೆಸರು ಬರೆದು, ಕೆಳಗೆ ತಾರೀಖು ಹಾಕಿದಳು.

ನಾನು ಮೇಜಿನ ಮೇಲಿದ್ದ ಹೊಸ ಕ್ಯಾಲೆಂಡರ್ ನೋಡಿದೆ. ತಾರೀಖು ಸರಿಯಾಗಿತ್ತು.